ದೇವೇಂದ್ರಪ್ಪನ ಸಹಿ

ಸೀಮಂತದ, ಅಂದರೆ ಕುಬಸದ ದಿನ ಸುರೇಖಾಳ ಕೈಗೆ ಹಸಿರು ಬಳೆ ಏರಿಸುತ್ತಿದ್ದ ಹೊತ್ತಿನಲ್ಲೇ ಅವಳ ಹೆರಿಗೆ ಎಲ್ಲಿ ಆಗಬೇಕೆಂಬುದು ತೀರ್ಮಾನವಾಗಿ ಹೋಯಿತು. ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು ಎಂದೂ ಅಲ್ಲ. ನಾಲ್ಕು ಜನರ ಎದುರು ಬಾಯಿ ತೆರೆಯಬೇಕೆಂದರೆ ಅವಳಿಗೆ ಹೇಳಬೇಕಾದ ಮಾತೇ ಮರೆಯುತ್ತಿತ್ತು. ಬಿ.ಎ. ಮುಗಿಸಿದ್ದರೂ ಅಪ್ಪನ ಅಂಗಡಿಯಲ್ಲಿ ಗಿರಾಕಿಯ ಮುಖ ನೋಡದೆ ಸಾಮಾನು ಕಟ್ಟಿಕೊಡುವ ಹುಡುಗಿ ಅವಳು.

ನೀರಲಬಾವಿಯಿಂದ ತವರಿನವರು ಒಂದು ಕ್ರೂಸರ್ ತುಂಬ ಗಂಗಾವತಿಗೆ ಬಂದಿದ್ದರು. ಐದು ಬಗೆಯ ಬುತ್ತಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಕಟ್ಟು, ಎಲ್ಲವನ್ನೂ ಅತ್ತೆ ವಿರೂಪಾಕ್ಷಮ್ಮ ಓಣಿಯ ಹೆಂಗಸರಿಗೆ ಒಂದೊಂದಾಗಿ ತೋರಿಸಿ ಒಳಗಿಟ್ಟರು. ಕೊನೆಗೆ ಸುರೇಖಾಳ ಅಪ್ಪ, ಬೀಗ ದೇವೇಂದ್ರಪ್ಪನ ಕೈಗೆ ಎಲೆ ಅಡಿಕೆ ಕೊಡುವಾಗ, ಎಲ್ಲರಿಗೂ ಕೇಳುವ ಹಾಗೆ ಮಾತು ತೆಗೆದರು.

"ಬೀಗರ, ಚೊಚ್ಚಲ ಹೆರಿಗಿ ತವರಿನವರದು, ಅದನ್ನ ನಾ ಹೇಳೋದು ಬ್ಯಾಡ. ಇಲ್ಲೇ ಖಾಸಗಿ ದವಾಖಾನ್ಯಾಗ ಹೆಸರು ಹಚ್ಚಿಸೀವಿ. ನಮ್ಮ ಓಣ್ಯಾಗಿನ ಸೊಸ್ತ್ಯಾರೆಲ್ಲಾ ಅಲ್ಲೇ ಹಡದಾರ. ಶ್ರಾವಣದ ಎರಡನೇ ಸೋಮವಾರ ಛಲೋ ಐತಿ ಅಂತ ಸ್ವಾಮಿಗಳು ನೋಡಿಕೊಟ್ಟಾರ."

ದಿನ ಗೊತ್ತು ಮಾಡಿದ್ದಾರೆ ಎಂದರೆ ಆಪರೇಷನ್ನೇ ಎಂಬುದು ಅಲ್ಲಿ ಕೂತ ಹೆಂಗಸರಿಗೆಲ್ಲ ತಿಳಿದಿತ್ತು. ಬಿಲ್ಲು ತವರಿನದು ಎಂಬುದು ದೇವೇಂದ್ರಪ್ಪನಿಗೂ ತಿಳಿಯಿತು. ಅವನು ಒಂದು ಗಳಿಗೆ ಎಲೆಯ ತೊಟ್ಟು ಮುರಿಯುತ್ತ ನಿಂತ. ಆಮೇಲೆ, "ಆಗಲ್ರಿ ಬೀಗತ್ಯಾರ," ಎಂದ. ಎಲೆ ಅಡಿಕೆ ಹಿಡಿದ ಕೈಯಲ್ಲಿ ಕೊಟ್ಟ ಮಾತನ್ನು ಅವರ ಕಡೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸುರೇಖಾಳನ್ನು ಹೆರಿಗೆಗೆ ಕರೆದುಕೊಂಡು ಕ್ರೂಸರ್ ನೀರಲಬಾವಿಯ ಕಡೆ ಹೊರಟಿತು. ಕನಕಗಿರಿ ದಾಟಿದ ಮೇಲೆ ದೇವೇಂದ್ರಪ್ಪ ಹೆಂಡತಿ ಕಸ್ತೂರೆಮ್ಮನಿಗೆ, ಐಶ್ವರ್ಯಳದು ಬರುವ ವರ್ಷ ನೋಡೋಣ ಎಂದ. ಅಷ್ಟೇ ಅಂದದ್ದು. ಐಶ್ವರ್ಯ ಸುರೇಖಾಳ ತಂಗಿ. ಕೊಪ್ಪಳದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಕಾಲೇಜಿಗೆ ಕಟ್ಟಲು ತೆಗೆದಿಟ್ಟ ಹಣ ಇತ್ತು. ಆ ಹಣವೇ ಈಗ ಗಂಗಾವತಿಯ ದವಾಖಾನೆಗೆ ಹೋಗಬೇಕು. ಹಿಂದಿನ ಸೀಟಿನಿಂದ ಐಶ್ವರ್ಯ ನಕ್ಕಳು, ಆದರೆ ಕಿಟಕಿಯ ಕಡೆ ತಿರುಗಿ.

"ಅಕ್ಕನ ಹೆರಿಗಿಗೆ ನನ್ನ ಓದು ಬಿಡಿಸಿದಿ ಅಪ್ಪಾ. ಮುಂದ ನನ್ನ ಹೆರಿಗಿಗೆ ಯಾರದನ್ನ ಬಿಡಸ್ತಿ?"

ಸುರೇಖಾ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಹೊಸ ಬಳೆಗಳು ಗಾಡಿ ಕುಲುಕಿದಾಗಲೆಲ್ಲ ಸದ್ದು ಮಾಡುತ್ತಿದ್ದವು.

ನೀರಲಬಾವಿ ಬೇವೂರಿನಿಂದ ಕುಷ್ಟಗಿಯ ಕಡೆ ಹೊರಟರೆ ಸಿಗುವ ಹೋಬಳಿ ಊರು. ದೇವೇಂದ್ರಪ್ಪನ ಕಿರಾಣಿ ಅಂಗಡಿ ಅದರ ನಡುಬೀದಿಯಲ್ಲಿ. ಸಂಜೆಯಾದರೆ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂಡುವರು, ಪೇಪರಿನ ಒಂದೊಂದು ಹಾಳೆ ಒಬ್ಬೊಬ್ಬರ ಕೈಯಲ್ಲಿ. ಆ ಬೇಸಿಗೆಯಿಂದ ಅವರ ಚರ್ಚೆ ಒಂದೇ, ದವಾಖಾನೆಯ ಖರ್ಚು. ದೇವೇಂದ್ರಪ್ಪ ಗಟ್ಟಿಯಾಗಿ ವಾದಿಸುತ್ತಿದ್ದ. ಉಪ್ಪಿನಿಂದ ಸೋಪಿನ ತನಕ ತೆರಿಗೆ ಹಿಡಿಯುವ ಸರಕಾರ ಮಂದಿಯ ಜೀವ ನೋಡಬೇಕೋ ಬೇಡವೋ ಎಂಬುದು ಅವನ ಪ್ರಶ್ನೆ. ಎದುರು ವಾದ ಕಳಕೇಶನದು. ಬೀಜ ಗೊಬ್ಬರದ ಅಂಗಡಿಯ ಕಳಕೇಶ, ಸರಕಾರ ದವಾಖಾನೆ ನಡೆಸುವ ಉಸಾಬರಿಯನ್ನೇ ಬಿಟ್ಟು ಎಲ್ಲರಿಗೂ ಒಂದು ಕಾರ್ಡು ಕೊಟ್ಟುಬಿಡಲಿ, ಮಂದಿ ತಮಗೆ ಬೇಕಾದಲ್ಲಿ ತೋರಿಸಿಕೊಳ್ಳಲಿ ಎನ್ನುತ್ತಿದ್ದ. ಕಾರ್ಡು ಹಿಡಿದು ಹೋದರೆ ಇದಕ್ಕೆ ಬರುತ್ತದೆ, ಅದಕ್ಕೆ ಬರುವುದಿಲ್ಲ ಎನ್ನುತ್ತಾರಲ್ಲ ಎಂದು ದೇವೇಂದ್ರಪ್ಪ. ಸರಕಾರಿ ಡಾಕ್ಟರು ಇದ್ದರೆ ಔಷಧ ಇಲ್ಲ, ಔಷಧ ಇದ್ದರೆ ಡಾಕ್ಟರು ಇಲ್ಲವಲ್ಲ ಎಂದು ಕಳಕೇಶ. ಚಹಾ ಆರಿಹೋಗುವ ತನಕ ಇದೇ.

ಒಳಗೆ ತೊಗರಿಬೇಳೆ ಆರಿಸುತ್ತ ಸುರೇಖಾ ಇದನ್ನೆಲ್ಲ ಕೇಳುತ್ತಿದ್ದಳು. ಅಂಗಡಿಯಿಂದ ಇನ್ನೂರು ಹೆಜ್ಜೆ ನಡೆದರೆ ಊರಿನ ಸರಕಾರಿ ದವಾಖಾನೆಯ ಗೇಟು. ಇಬ್ಬರೂ ಆ ಗೇಟು ದಾಟಿದ್ದನ್ನು ಅವಳು ನೋಡಿರಲಿಲ್ಲ. ಅಪ್ಪನಿಗೆ ನೆಗಡಿಯಾದರೂ ಕುಷ್ಟಗಿಯ ಡಾಕ್ಟರೇ.

ಎಂಟನೇ ತಿಂಗಳಿನಲ್ಲಿ ಆಶಾ ಕಾರ್ಯಕರ್ತೆ ಹನುಮಂತಮ್ಮ ತಾಯಿ ಕಾರ್ಡು ತುಂಬಿಸಬೇಕೆಂದು ಅವಳನ್ನು ಆ ಗೇಟಿನೊಳಗೆ ಕರೆದುಕೊಂಡು ಹೋದಳು. ಹೋಗುವ ಮುಂಚೆ ಸುರೇಖಾ ಕೇಳಬೇಕಾದುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಳು. ಒಳಗೆ ಕೂತಿದ್ದ ಸಿಸ್ಟರ್ ರಜಿಯಾಬೇಗಂ ಇಪ್ಪತ್ತು ವರ್ಷದಿಂದ ಹೆರಿಗೆ ಮಾಡಿಸುತ್ತ ಬಂದ ಹೆಂಗಸು. ಬಿಪಿ ನೋಡಿ, ಹೊಟ್ಟೆ ಮುಟ್ಟಿ, ಕೂಸಿನ ಎದೆಬಡಿತ ಎಣಿಸಿ, ಇನ್ನೇನು ಎಂಬಂತೆ ಕನ್ನಡಕದ ಮೇಲಿಂದ ನೋಡಿದಳು. ಸುರೇಖಾ ಮಾತಾಡಲಾರದೆ ಚೀಟಿಯನ್ನೇ ಮುಂದೆ ಚಾಚಿದಳು.

ರಜಿಯಾಬೇಗಂ ನಗಲಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಉತ್ತರ ಹೇಳುವವಳಂತೆ ಒಂದೊಂದನ್ನೇ ಓದಿ ಹೇಳಿದಳು. ಸಹಜ ಹೆರಿಗೆ ಆಗುವ ಲಕ್ಷಣ ಇದೆ, ಬಿಪಿ ಚೆನ್ನಾಗಿದೆ, ಮೈಯಲ್ಲಿ ರಕ್ತ ಸಾಕಷ್ಟಿದೆ, ಕೂಸಿನ ತಲೆ ಕೆಳಗಿದೆ. ಹಗಲಿಗೆ ತಾನು, ಇರುಳಿಗೆ ಇನ್ನೊಬ್ಬ ಸಿಸ್ಟರ್ ಇರುತ್ತಾರೆ. ಆಪರೇಷನ್ನಿನ ಪ್ರಶ್ನೆ ಬಂದಾಗ ಕನ್ನಡಕ ತೆಗೆದಳು.

"ಆಪರೇಷನ್ ಬೇಕಾದ್ರ ಇಲ್ಲಿ ಆಗಂಗಿಲ್ಲ ತಂಗಿ. ಕೊಪ್ಪಳಕ್ಕ ಕಳಸ್ತೀವಿ. ಅದಕ್ಕ ಗಾಡಿ ಅಂಗಳದಾಗ ನಿಂತಿರತೈತಿ. ಎಲ್ಲಾ ಇಲ್ಲೇ ಆಗತೈತಿ ಅಂತ ನಾ ಸುಳ್ಳು ಹೇಳಂಗಿಲ್ಲ. ಇದನ್ನ ತಿಳಕೊಂಡು ಬರೋದಾದ್ರ ಬಾ."

ಸುರೇಖಾಳಿಗೆ ಆ ಮಾತು ಹಿಡಿಸಿತು. ಇಷ್ಟು ದಿನದಲ್ಲಿ ಯಾರೂ ಅವಳಿಗೆ ಆಗದ್ದನ್ನು ಹೇಳಿರಲಿಲ್ಲ, ಎಲ್ಲರೂ ಆಗುವುದನ್ನೇ ಹೇಳಿದ್ದರು.

ಚೀಟಿಯ ಕೊನೆಯ ಪ್ರಶ್ನೆ, ಊರಿನ ಮಂದಿ ಇಲ್ಲಿಗೆ ಯಾಕೆ ಬರುವುದಿಲ್ಲ ಎಂಬುದು. ರಜಿಯಾಬೇಗಂ ಅವಳನ್ನು ಹೆರಿಗೆ ಕೋಣೆಗೆ ಕರೆದುಕೊಂಡು ಹೋಗಿ ನಳ ತಿರುವಿದಳು. ನಳ ಒಮ್ಮೆ ಉಸಿರುಬಿಟ್ಟು ಸುಮ್ಮನಾಯಿತು. ಬೋರಿನ ಮೋಟಾರು ಸುಟ್ಟು ಐದು ತಿಂಗಳಾಗಿತ್ತು. ಎದುರಿನ ಟಾಕಿಯಿಂದ ಆಯಾ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದಳು. ಹಡೆಯಲು ಬಂದವರು ನೀರು ಎಲ್ಲಿ ಎಂದು ಕೇಳಿ ಕುಷ್ಟಗಿಯ ದಾರಿ ಹಿಡಿಯುತ್ತಿದ್ದರು. ಹೋದ ತಿಂಗಳು ಮೂರೇ ಹೆರಿಗೆ. ಹೀಗೇ ಆದರೆ ಒಬ್ಬ ಸಿಸ್ಟರನ್ನು ಬೇರೆ ಕಡೆ ಹಾಕುತ್ತಾರಂತೆ, ಆಮೇಲೆ ಸಂಜೆಗೆ ಈ ಕೋಣೆಗೆ ಬೀಗ. ಕುಷ್ಟಗಿಗೆ ಗಾಡಿ ಮಾಡಿಕೊಂಡು ಹೋಗಲಾರದವರು ಆಗ ಏನು ಮಾಡಬೇಕೆಂದು ಹನುಮಂತಮ್ಮ ಯಾರನ್ನೋ ಕೇಳುವಂತೆ ಗೋಡೆಯನ್ನು ಕೇಳಿದಳು.

ಮೇಲಿನವರಿಗೆ ಹೇಳಲಿಲ್ಲವೇ ಎಂದು ಸುರೇಖಾ ಕೇಳಿದಳು. ಚೀಟಿಯಿಲ್ಲದೆ ಕೇಳಿದ ಮೊದಲ ಪ್ರಶ್ನೆ ಅದು.

ರಜಿಯಾಬೇಗಂ ಕಪಾಟಿನಿಂದ ಕೆಂಪು ರಟ್ಟಿನ ಒಂದು ದೊಡ್ಡ ರಜಿಸ್ಟರ್ ತೆಗೆದು ಮುಂದಿಟ್ಟಳು. ದವಾಖಾನೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯ ನಡಾವಳಿ. ಮೂರು ತಿಂಗಳಿಗೊಂದು ಪುಟ, ಎಲ್ಲ ಪುಟದಲ್ಲೂ ಗುಮಾಸ್ತನ ಗುಂಡು ಅಕ್ಷರದಲ್ಲಿ ಒಂದೇ ಬರಹ. ಕುಡಿಯುವ ನೀರು ಸಮರ್ಪಕವಾಗಿದೆ. ವಿದ್ಯುತ್ ವ್ಯವಸ್ಥೆ ತೃಪ್ತಿಕರವಾಗಿದೆ. ಸ್ವಚ್ಛತೆ ಉತ್ತಮವಾಗಿದೆ. ಸರ್ವಾನುಮತದಿಂದ ಒಪ್ಪಲಾಯಿತು. ಅದರ ಕೆಳಗೆ ಸದಸ್ಯರ ಸಹಿಗಳು. ಮೊದಲನೆಯ ಸಹಿಯ ಅಡಿಯಲ್ಲಿ ಉದ್ದಕ್ಕೆ ಎಳೆದ ಒಂದು ಗೆರೆ, ಗೆರೆಯ ಕೊನೆಯಲ್ಲಿ ಎರಡು ಚುಕ್ಕೆ. ಹಾಳೆಯ ಮೂಲೆಗೆ ಬೆಲ್ಲದ ಕೈ ಹತ್ತಿದ ಕಲೆ.

ತನ್ನ ಪ್ರಗತಿ ಪತ್ರದ ಮೇಲೆ ಹತ್ತು ವರ್ಷ ನೋಡಿದ ಸಹಿಯನ್ನು ಗುರುತಿಸಲು ಅವಳಿಗೆ ಹೊತ್ತು ಹಿಡಿಯಲಿಲ್ಲ.

ಅವಳಿಗೆ ಒಂದೊಂದೇ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಯಾವುದೋ ಸಮಿತಿಯಲ್ಲಿ ಹೆಸರು ಬಂದು, ಶಾಲು ಹೊದಿಸಿದ ಫೋಟೋ ಅಂಗಡಿಯಲ್ಲಿ ತೂಗುಹಾಕಿದ್ದು. ಅದು ಯಾವ ಸಮಿತಿ ಎಂದು ಅಪ್ಪನಿಗೂ ಮರೆತುಹೋಗಿದ್ದು. ದವಾಖಾನೆಯ ಜವಾನ ಪರಮೇಶ ಆಗಾಗ ಏನೋ ಹೊತ್ತುಕೊಂಡು ಬಂದಾಗ, ಅಪ್ಪ ತೂಕದ ನಡುವೆಯೇ ಪೆನ್ನು ತೆಗೆದು ಗೀಚಿ ಕಳಿಸುತ್ತಿದ್ದದ್ದು. ಊರಿನಲ್ಲಿ ಎಲ್ಲ ಸಮಿತಿಯೂ ನಡೆಯುವುದು ಹಾಗೆಯೇ. ಸಭೆಗೆ ಜನ ಹೋಗುವುದಿಲ್ಲ, ಜನರ ಬಳಿಗೆ ರಜಿಸ್ಟರ್ ಬರುತ್ತದೆ.

"ಸಮಿತಿಯ ರೊಕ್ಕ ಬ್ಯಾಂಕಿನಾಗ ಹಂಗ ಬಿದ್ದೈತಿ," ಎಂದಳು ರಜಿಯಾಬೇಗಂ. "ನೀರು ಸಮರ್ಪಕ ಅಂತ ದೊಡ್ಡ ಮಂದಿ ಸಹಿ ಮಾಡಿಕೊಟ್ಟ ಮ್ಯಾಲ, ಮೋಟಾರಿಗೆ ಅಂತ ಯಾವ ಬಾಯಿಲೆ ಕೇಳೋದು?"

ಮನೆಗೆ ಬಂದ ಮೂರನೆಯ ದಿನ ಸುರೇಖಾ ಅವ್ವನ ತಲೆ ಹಿಕ್ಕುತ್ತ, ನಾನು ಹುಟ್ಟಿದ್ದು ಎಲ್ಲಿ ಎಂದು ಕೇಳಿದಳು. ಕಸ್ತೂರೆಮ್ಮ ಬಾಗಿಲಾಚೆ ಕೈ ಮಾಡಿದಳು. ಅದೇ ದವಾಖಾನೆ, ಅದೇ ಕೋಣೆ. ಆಗ ಬೇರೆ ದವಾಖಾನೆ ಯಾರಿಗೆ ಗೊತ್ತಿತ್ತು ಎಂದಳು. ಬಾಣಂತಿಯ ಕಾಲ ಮೇಲೆ ನೀರು ಹೊಯ್ಯಲು ಊರಿನ ಹೆಂಗಸರು ಸಾಲಾಗಿ ಬಂದಿದ್ದರಂತೆ. ಹೇಳುವಾಗ ಅವ್ವನ ಮುಖ ಅರಳಿದ್ದನ್ನು ಸುರೇಖಾ ನೋಡಿದಳು. ತಾನು ಅಲ್ಲೇ ಹಡೆಯುತ್ತೇನೆ ಎಂದು ಅವಳು ಮೊದಲು ಹೇಳಿದ್ದು ಅವ್ವನಿಗೆ. ಕಸ್ತೂರೆಮ್ಮ ಹೆದರಿದಳು, ಬೀಗರು ಏನಂದಾರು ಎಂದಳು, ಎಲೆ ಅಡಿಕೆಯ ಮಾತು ನೆನಪಿಸಿದಳು. ಬೇಡ ಎಂದು ಮಾತ್ರ ಹೇಳಲಿಲ್ಲ.

ಅಪ್ಪನಿಗೆ ಸುರೇಖಾ ಏನನ್ನೂ ಹೇಳಲಿಲ್ಲ. ರಜಿಸ್ಟರ್ ಬರಲಿ ಎಂದು ಕಾದಳು. ಜೂನ್ ಮುಗಿಯಲು ಹತ್ತು ದಿನ ಇತ್ತು.

ಬಂದದ್ದು ಒಂದು ಮಂಗಳವಾರದ ಸಂಜೆ. ಕಟ್ಟೆಯ ಮೇಲೆ ಮಂದಿ ಕೂಡಿದ್ದರು. ಸರಕಾರಕ್ಕೆ ಕಣ್ಣಿಲ್ಲ ಎಂದು ದೇವೇಂದ್ರಪ್ಪ ಹೇಳುತ್ತಿದ್ದ. ಪರಮೇಶ ಸೈಕಲ್ ನಿಲ್ಲಿಸಿ ಕೆಂಪು ರಜಿಸ್ಟರನ್ನು ತಕ್ಕಡಿಯ ಪಕ್ಕ ಬಿಚ್ಚಿಟ್ಟ. ದೇವೇಂದ್ರಪ್ಪ ಮಾತು ನಿಲ್ಲಿಸದೆ ಕಿವಿಯ ಮೇಲಿನ ಪೆನ್ನು ತೆಗೆದ.

ಸುರೇಖಾ ಒಳಗಿನಿಂದ ಎದ್ದು ಬಂದಳು. ಏಳೆಂಟು ಕಣ್ಣು ಒಮ್ಮೆಗೇ ಅವಳ ಮೇಲೆ, ಅವಳ ಹೊಟ್ಟೆಯ ಮೇಲೆ ಬಿದ್ದವು. ಮಾತು ಮರೆಯುವ ಮುಂಚೆಯೇ ಅವಳು ಬಿಚ್ಚಿದ ಹಾಳೆಯ ಮೇಲೆ ತನ್ನ ಅಂಗೈ ಇಟ್ಟುಬಿಟ್ಟಳು.

"ಅಪ್ಪಾ, ಓದಿ ಸಹಿ ಮಾಡು."

ದೇವೇಂದ್ರಪ್ಪ ನಕ್ಕ. ಇದು ಪ್ರತಿ ಸಲದ್ದೇ, ಓದುವುದೇನಿದೆ ಎಂದ. ಅವಳು ಕೈ ತೆಗೆಯಲಿಲ್ಲ. ಗಟ್ಟಿಯಾಗಿ ಓದು ಎಂದಳು. ಬಸುರಿಯ ಮಾತು ಮೀರಬಾರದೆಂದೋ ಏನೋ ಕನ್ನಡಕ ಹಾಕಿಕೊಂಡು ಓದತೊಡಗಿದ. ಕುಡಿಯುವ ನೀರು ಸಮರ್ಪಕವಾಗಿದೆ. ವಿದ್ಯುತ್ ವ್ಯವಸ್ಥೆ ತೃಪ್ತಿಕರವಾಗಿದೆ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಅವನ ದನಿ ಸಣ್ಣದಾಗಿತ್ತು.

"ಅಲ್ಲಿ ಹೆರಿಗಿ ಕೋಣ್ಯಾಗ ಐದು ತಿಂಗಳಿಂದ ನೀರಿಲ್ಲ," ಎಂದಳು ಸುರೇಖಾ. "ನಳ ತಿರುವಿದ್ದನ್ನ ನಾ ಕಣ್ಣಾರೆ ನೋಡಿ ಬಂದೀನಿ. ಸರಕಾರ ನೋಡವಲ್ದು ಅಂತ ನೀ ದಿನಾ ಅಂತಿ. ನೋಡಾಕ ಅಂತ ಅದು ನಿನ್ನನ್ನ ಇಟ್ಟೈತಿ."

ಕಟ್ಟೆಯ ಮೇಲಿದ್ದ ಕಳಕೇಶ ತೊಡೆ ತಟ್ಟಿದ. ತಾನು ಹೇಳಿದ್ದು ಇದೇ ಅಲ್ಲವೇ, ಸರಕಾರದ ಕೈಲಿ ದವಾಖಾನೆ ನಡೆಸುವುದು ಆಗದ ಮಾತು ಎಂದ. ಸುರೇಖಾ ರಜಿಸ್ಟರಿನ ಹಿಂದಿನ ಪುಟ ತಿರುವಿ ಅವನ ಕಡೆ ಹೊರಳಿಸಿದಳು.

"ಎರಡನೇ ಸಹಿ ನಿಮ್ಮದ ಐತ್ರಿ ಕಾಕಾ."

ಕಳಕೇಶ ಮುಂದಕ್ಕೆ ಬಾಗಿ ನೋಡಿದ. ನೋಡಿ, ಪೇಪರಿನ ಹಾಳೆಯನ್ನು ನಾಲ್ಕಾಗಿ ಮಡಚಿದ. ದೇವೇಂದ್ರಪ್ಪ ಪೆನ್ನಿನ ಮುಚ್ಚಳ ಹಾಕಿದ. ಗುಮಾಸ್ತರು ಕಾಯುತ್ತಿದ್ದಾರೆ, ಸಹಿ ಇಲ್ಲದೆ ಹೋದರೆ ಬೈಯುತ್ತಾರೆ ಎಂದು ಪರಮೇಶ ತಲೆ ಕೆರೆದುಕೊಂಡ.

"ಬೈಯಲಿ," ಎಂದ ದೇವೇಂದ್ರಪ್ಪ. "ನಾಳೆ ನಾನ ಬರ್ತೀನಿ ಅಂತ ಹೇಳು. ಕುಂದ್ರಾಕ ಒಂದು ಕುರ್ಚಿ ಇಡು. ಎರಡು ಇಡು, ಕಳಕೇಶನೂ ಬರ್ತಾನ."

ಮರುದಿನ ಇಬ್ಬರೂ ಹೋದರು. ನಾಲ್ಕು ವರ್ಷದಲ್ಲಿ ಸಮಿತಿಯ ಮೊದಲ ಸಭೆ. ಕುರ್ಚಿಗಳ ಧೂಳು ಒರೆಸಲು ಪರಮೇಶನಿಗೆ ಅರ್ಧ ತಾಸು ಹಿಡಿಯಿತಂತೆ. ಡಾಕ್ಟರು ಹೊಸಬರು, ಚಿಕ್ಕ ವಯಸ್ಸಿನವರು. ಸದಸ್ಯರು ಎಂಬವರು ನಿಜವಾಗಿ ಇದ್ದಾರೆಂದು ತಮಗೆ ಗೊತ್ತೇ ಇರಲಿಲ್ಲ ಎಂದರಂತೆ. ನೀರು ಇಲ್ಲ ಎಂದು ಮೊದಲ ಬಾರಿಗೆ ರಜಿಸ್ಟರಿನಲ್ಲಿ ಬರೆದಾಯಿತು, ಮೋಟಾರಿಗೆ ಠರಾವು ಆಯಿತು. ಹನ್ನೊಂದನೆಯ ದಿನ ನಳದಲ್ಲಿ ನೀರು ಬಂತು. ಸಿಸ್ಟರ್ ಹುದ್ದೆಯ ವಿಷಯ ಸಮಿತಿಯ ಕೈಯಲ್ಲಿ ಇರಲಿಲ್ಲ. ಅದಕ್ಕೆ ದೇವೇಂದ್ರಪ್ಪ ಅಂಗಡಿಯನ್ನು ಐಶ್ವರ್ಯಳಿಗೆ ಬಿಟ್ಟು ಎರಡು ಸಲ ಕೊಪ್ಪಳಕ್ಕೆ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂತು ಬಂದ. ಕಟ್ಟೆಯ ಚರ್ಚೆ ಮುಗಿಯಲಿಲ್ಲ. ಕಳಕೇಶ ತನ್ನ ಕಾರ್ಡಿನ ವಾದ ಬಿಡಲಿಲ್ಲ, ಆದರೆ ಈಗ ಇಬ್ಬರೂ ಜಗಳಾಡುತ್ತಲೇ ದವಾಖಾನೆಯ ಗಾಡಿಗೆ ಡೀಸೆಲ್ ಎಷ್ಟಿದೆ ಎಂದು ಪರಮೇಶನನ್ನು ಕೇಳುತ್ತಿದ್ದರು.

ಆದರೂ ಎಲೆ ಅಡಿಕೆಯ ಮಾತು ಹಾಗೆಯೇ ಇತ್ತು. ಸುರೇಖಾ ಇಲ್ಲೇ ಹಡೆಯುತ್ತೇನೆ, ಐಶ್ವರ್ಯಳ ಹಣ ಐಶ್ವರ್ಯಳ ಕಾಲೇಜಿಗೇ ಹೋಗಲಿ ಎಂದು ಹೇಳಿದಾಗ ದೇವೇಂದ್ರಪ್ಪ ಗೋಡೆಯ ಮೇಲಿನ ಶಾಲಿನ ಫೋಟೋ ನೋಡುತ್ತ ಕೂತ. ನೀರು ತರಿಸುವುದು ಬೇರೆ, ಬೀಗರಿಗೆ ಕೊಟ್ಟ ಮಾತು ಬೇರೆ ಎಂದ. ಆ ಮಾತನ್ನು ತಾನು ಹೇಗೆ ಮುರಿಯಲಿ ಎಂದು ಕೇಳಿದ. ಮಗಳ ಹತ್ತಿರ ಅವನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆಷಾಢದ ಕೊನೆಗೆ ವಿರೂಪಾಕ್ಷಮ್ಮನವರ ಫೋನು ಬಂತು. ಗೊತ್ತು ಮಾಡಿದ ಸೋಮವಾರದ ಹಿಂದಿನ ದಿನ ಗಾಡಿ ಕಳಿಸುತ್ತೇವೆ, ಸೋಮವಾರ ಬೆಳಿಗ್ಗೆ ಸೇರಿಸೋಣ ಎಂದು. ಫೋನು ಹಿಡಿದಿದ್ದ ದೇವೇಂದ್ರಪ್ಪ ಹ್ಞೂಂ ಅನ್ನಲಾರದೆ, ಊಹ್ಞೂಂ ಅನ್ನಲಾರದೆ ನಿಂತಿದ್ದ. ಸುರೇಖಾ ಕೈ ಚಾಚಿ ಫೋನು ತೆಗೆದುಕೊಂಡಳು. ಇದಕ್ಕೂ ಒಂದು ಚೀಟಿ ಬರೆದಿಟ್ಟಿದ್ದಳು, ಆದರೆ ಅದು ಒಳಗೆ ತಲೆದಿಂಬಿನ ಕೆಳಗೆ ಉಳಿದಿತ್ತು.

"ಅತ್ತೀ, ಚೊಚ್ಚಲ ಹೆರಿಗಿ ತವರಿನದು ಅಂತ ನೀವ ಹೇಳಿದ್ರಿ. ತವರು ನೀರಲಬಾವ್ಯಾಗ ಐತ್ರಿ. ನಾ ಇಲ್ಲೇ ಹಡೀತೀನಿ."

"ಎಲಿ ಅಡಿಕಿ ಹಿಡಿದು ಮಾತು ಕೊಟ್ಟಾನ ನಿಮ್ಮಪ್ಪ."

"ಕೊಟ್ಟಾನ್ರಿ. ಹಡಿಯಾಕಿ ನಾನು."

ಹೆಚ್ಚುಕಡಿಮೆ ಆದರೆ ಯಾರು ಹೊಣೆ ಎಂಬ ಪ್ರಶ್ನೆ ಆ ಕಡೆಯಿಂದ ಬಂತು. ಸುರೇಖಾ ರಜಿಯಾಬೇಗಂ ಹೇಳಿದ್ದನ್ನೇ ಹೇಳಿದಳು, ಹೆಚ್ಚುಕಡಿಮೆ ಕಂಡರೆ ಕೊಪ್ಪಳಕ್ಕೆ, ಗಾಡಿ ಅಂಗಳದಲ್ಲಿ ಇರುತ್ತದೆ. ದಿನ ನೋಡಿ ಕೂಸನ್ನು ತೆಗೆಸುವುದು ತನಗೆ ಬೇಡ, ಅದು ತನ್ನ ದಿನಕ್ಕೆ ತಾನು ಬರಲಿ ಎಂದಳು.

"ಓಣ್ಯಾಗ ನಾ ಏನಂತ ಮುಖ ತೋರಸ್ಲಿ?"

"ಸೊಸಿ ಹಟಮಾರಿ ಅಂತ ಹೇಳ್ರಿ ಅತ್ತೀ. ನಾ ಏನೂ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ."

ಫೋನು ಕಟ್ಟಾಯಿತು. ದೇವೇಂದ್ರಪ್ಪ ಮಗಳನ್ನು ಹೊಸಬಳನ್ನು ನೋಡಿದಂತೆ ನೋಡಿದ. ಸ್ವಲ್ಪ ಹೊತ್ತಿಗೆ ಗಂಡ ಶರಣಕುಮಾರನ ಫೋನು. ಅವನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಮ್ಯಾನೇಜರು, ಅವ್ವನ ಮಾತಿಗೆ ಎದುರಾಡದ ಮನುಷ್ಯ. ಬೈಯಲಿಲ್ಲ, ಹೆದರಿಕೆಯಾಗುತ್ತಿದೆಯೇ ಎಂದಷ್ಟೇ ಕೇಳಿದ. ಆಗುತ್ತಿದೆ, ಎಸಿ ರೂಮಿನಲ್ಲೂ ಆಗುತ್ತಿತ್ತು ಎಂದು ಸುರೇಖಾ ಹೇಳಿದಳು. ಹಾಗಾದರೆ ನೋವು ಶುರುವಾದ ಕೂಡಲೇ ಹೇಳು, ಬರುತ್ತೇನೆ ಎಂದ.

ನೋವು ಶುರುವಾದದ್ದು ಶ್ರಾವಣದ ಮೊದಲ ಗುರುವಾರ, ಬೆಳಗಿನ ರೊಟ್ಟಿಯ ಹೊತ್ತಿಗೆ. ಅವ್ವನ ಭುಜ ಹಿಡಿದು ಸುರೇಖಾ ಆ ಇನ್ನೂರು ಹೆಜ್ಜೆ ನಡೆದಳು. ನಡುವೆ ಮೂರು ಸಲ ನಿಂತಳು. ಹಾದಿಯ ಮೇಲಿನ ಹೆಂಗಸರು ಹೊರಗೆ ಬಂದು ನೋಡಿದರು. ದೇವೇಂದ್ರಪ್ಪನ ಮಗಳು ಸರಕಾರಿ ದವಾಖಾನೆಗೆ ಹೊರಟಳು ಎಂಬುದು ಅವಳಿಗಿಂತ ಮೊದಲೇ ಗೇಟು ಮುಟ್ಟಿತ್ತು.

ನಡು ಮಧ್ಯಾಹ್ನವಾದರೂ ಹೆರಿಗೆ ಆಗಲಿಲ್ಲ. ರಜಿಯಾಬೇಗಂ ಗಡಿಯಾರ ನೋಡುತ್ತ ಹಾಳೆಯ ಮೇಲೆ ಗುರುತು ಹಾಕುತ್ತಿದ್ದಳು. ನಿಧಾನ ಆಗುತ್ತಿದೆ, ಕೂಸಿನ ಎದೆಬಡಿತ ಚೆನ್ನಾಗಿದೆ, ಇನ್ನೊಂದು ತಾಸು ನೋಡುತ್ತೇನೆ, ಆಮೇಲೆ ಕೊಪ್ಪಳ ಎಂದಳು. ಮುಚ್ಚಿಡಲಿಲ್ಲ. ಡ್ರೈವರನ್ನು ಕರೆದು ಗಾಡಿ ತಿರುಗಿಸಿ ನಿಲ್ಲಿಸಲು ಹೇಳಿದಳು. ಸುರೇಖಾ ಹಲ್ಲು ಕಚ್ಚಿ ಕಿಟಕಿಯ ಸರಳು ನೋಡುತ್ತ ಮಲಗಿದಳು. ಅಷ್ಟರಲ್ಲಿ ಅಂಗಳದಲ್ಲಿ ಒಂದು ಕಾರು ನಿಂತ ಸದ್ದಾಯಿತು. ಅತ್ತೆಯ ದನಿ ಕಿಟಕಿಯಿಂದ ನೇರವಾಗಿ ಒಳಗೆ ಬಂತು. ಇನ್ನೂ ಆಗಿಲ್ಲವೇ, ಹಾಗಾದರೆ ಕಾರಿನಲ್ಲಿ ಹಾಕಿರಿ, ಗಂಗಾವತಿಗೆ ಹೋಗೋಣ ಎಂದು. ಶರಣಕುಮಾರ ಏನೋ ಅಂದ, ಅದು ಕೇಳಿಸಲಿಲ್ಲ. ಆಮೇಲೆ ಅಪ್ಪನ ದನಿ ಕೇಳಿಸಿತು.

"ಬೀಗತ್ಯಾರ, ಆವತ್ತು ಎಲಿ ಅಡಿಕಿ ಹಿಡಿದು ಆಗಲಿ ಅಂದಿದ್ದೆ. ಓದದ ಸಹಿ ಮಾಡಿದಂಗ ಅದು. ಆ ಮಾತು ಇವತ್ತು ಹಿಂದ ತಗೋತೀನಿ. ನನ್ನ ಮಗಳು ಹೋದ್ರ ಸಿಸ್ಟರ್ ಹೇಳಿದಾಗ ಹೋಗ್ತಾಳ, ಸಿಸ್ಟರ್ ಹೇಳಿದಲ್ಲಿಗೆ ಹೋಗ್ತಾಳ."

ಮುಂದಿನ ನೋವು ಬಂದಾಗ ಸುರೇಖಾ ಸರಳು ನೋಡುವುದನ್ನು ಬಿಟ್ಟು ರಜಿಯಾಬೇಗಮಳ ಕಣ್ಣು ನೋಡಿದಳು. ಈಗ, ಎಂದಳು ರಜಿಯಾಬೇಗಂ. ತಾಸು ತುಂಬಲು ಇನ್ನೂ ಹತ್ತು ನಿಮಿಷ ಇತ್ತು. ಹೆಣ್ಣು ಕೂಸು. ಮೊದಲು ಅತ್ತದ್ದು ಕೂಸು, ಆಮೇಲೆ ಬಾಗಿಲ ಹೊರಗೆ ಕಸ್ತೂರೆಮ್ಮ. ತಿರುಗಿ ನಿಂತಿದ್ದ ಗಾಡಿಯ ಡ್ರೈವರು ಎಂಜಿನ್ ಆರಿಸಿದ.

ವಿರೂಪಾಕ್ಷಮ್ಮ ಗಂಗಾವತಿಯಿಂದ ಇಪ್ಪತ್ತು ಲೀಟರಿನ ಎರಡು ಕ್ಯಾನ್ ನೀರು ತಂದಿದ್ದರು. ಒಳಗೆ ಬಂದವರು ಮೊಮ್ಮಗಳನ್ನು ಮುಟ್ಟುವ ಮುಂಚೆ ಕೈ ತೊಳೆಯಬೇಕೆಂದು ರಜಿಯಾಬೇಗಂ ತಡೆದಾಗ, ಕ್ಯಾನ್ ತರಲು ಮಗನಿಗೆ ಹೇಳಿದರು. ರಜಿಯಾಬೇಗಂ ನಳ ತಿರುವಿದಳು. ನೀರು ಭರ್ರೆಂದು ಬಂತು. ವಿರೂಪಾಕ್ಷಮ್ಮ ಮೊಣಕೈ ತನಕ ತೊಳೆದುಕೊಂಡು, ಕೂಸನ್ನು ಎತ್ತಿಕೊಂಡು, ಮೂಗು ನಮ್ಮ ಕಡೆಯದು ಎಂದರು.

ಮೆಚ್ಚಿದರೆಂದಲ್ಲ. ಮರುದಿನ ಬೆಳಗಿನಿಂದ ಅವರ ತಕರಾರು ಶುರುವಾಯಿತು. ಕಿಟಕಿಗೆ ಜಾಳಿಗೆ ಇಲ್ಲ, ಸೊಳ್ಳೆ ಬರುತ್ತವೆ. ಫ್ಯಾನು ಗಿರಣಿಯಂತೆ ಸದ್ದು ಮಾಡುತ್ತದೆ. ಬಾಣಂತಿಗೆ ಬಿಸಿನೀರಿಲ್ಲ. ಆಯಾಗೆ ಹೇಳಿದರು, ಪರಮೇಶನಿಗೆ ಹೇಳಿದರು, ಪಕ್ಕದ ಮಂಚದ ಹೆಂಗಸಿಗೂ ಹೇಳಿದರು. ಆ ಹೆಂಗಸು ನಾಲ್ಕು ಮೈಲಿಯಾಚೆಯ ಹಟ್ಟಿಯಿಂದ ಹಿಂದಿನ ಸಂಜೆ ಬಂದು ಹಡೆದಿದ್ದಳು. ಹೌದವ್ವಾ, ಚಳಿಗೆ ಬಿಸಿನೀರು ಇದ್ದರೆ ಪುಣ್ಯ ಎಂದಳು, ಅದನ್ನು ಕೇಳಬಹುದೆಂದು ಆಗಷ್ಟೇ ಗೊತ್ತಾದವಳಂತೆ.

ಬಾಗಿಲ ಬಳಿಯ ಬೆಂಚಿನ ಮೇಲೆ ದೇವೇಂದ್ರಪ್ಪ ಇದನ್ನೆಲ್ಲ ಕೇಳುತ್ತಿದ್ದ. ಎದ್ದು ಹೋಗಿ ಕೆಂಪು ರಟ್ಟಿನ ರಜಿಸ್ಟರ್ ತಂದು ಮಂಚದ ಅಂಚಿನಲ್ಲಿ ಬಿಚ್ಚಿಟ್ಟ. ಕಿವಿಯ ಮೇಲಿನ ಪೆನ್ನು ತೆಗೆದು ಸುರೇಖಾಳ ಕೈಗೆ ಕೊಟ್ಟ.

"ಬೀಗತ್ಯಾರ, ಹೇಳಬ್ಯಾಡ್ರಿ. ಬರಸ್ರಿ."

ವಿರೂಪಾಕ್ಷಮ್ಮ ಅನುಮಾನದಿಂದ ರಜಿಸ್ಟರ್ ನೋಡಿದರು. ಇದು ಯಾರಿಗೆ ಹೋಗಿ ಮುಟ್ಟುತ್ತದೆ ಎಂದು ಕೇಳಿದರು. ನನಗೇ, ಆಮೇಲೆ ನಾನು ಬಿಡುವುದಿಲ್ಲ ಎಂದ ದೇವೇಂದ್ರಪ್ಪ. ಅವರು ಸೆರಗು ಸರಿ ಮಾಡಿಕೊಂಡು, ಮಂಚದ ಪಕ್ಕದ ಸ್ಟೂಲ್ ಎಳೆದು ಕೂತರು. ಬರಿ, ಎಂದು ಸೊಸೆಗೆ ಹೇಳಿ ಒಂದೊಂದೇ ಹೇಳಿಸತೊಡಗಿದರು. ಕೂಸು ಪಕ್ಕದಲ್ಲಿ ನಿದ್ದೆ ಮಾಡುತ್ತಿತ್ತು. ಸುರೇಖಾ ಬೆನ್ನಿಗೆ ದಿಂಬು ಕೊಟ್ಟುಕೊಂಡು ಬರೆದಳು. ಬಿಸಿನೀರಿನದನ್ನು ಬರೆಯುವಾಗ ಪಕ್ಕದ ಮಂಚದವಳ ಹೆಸರು ಕೇಳಿದಳು. ಅವಳು ಪಕ್ಕೀರವ್ವ ಎಂದಳು. ಅದನ್ನೂ ಸೇರಿಸಿದಳು.

ಮುಗಿದ ಮೇಲೆ ದೇವೇಂದ್ರಪ್ಪ ರಜಿಸ್ಟರ್ ತೆಗೆದುಕೊಂಡು ಮೊದಲಿನಿಂದ ಓದಿದ. ಎರಡನೆಯ ಸಲವೂ ಓದಿದ. ಸಹಿ ಮಾಡಿ, ಕೆಳಗೆ ಉದ್ದ ಗೆರೆ ಎಳೆದು, ಎರಡು ಚುಕ್ಕೆ ಇಟ್ಟ.

"ನಂದೂ ಹೆಸರು ಬರಿ ಅದರಾಗ," ಎಂದರು ವಿರೂಪಾಕ್ಷಮ್ಮ. "ಗಂಗಾವತಿಯಾಕಿ ಅಂತ ಹಾಕು. ಮತ್ತ ಬಂದು ನೋಡ್ತೀನಿ ಅಂತನೂ ಹಾಕು."

ಆ ಪುಟದಲ್ಲಿ ಜಾಗ ಮುಗಿದಿತ್ತು. ಸುರೇಖಾ ಹಾಳೆ ತಿರುವಿದಳು.